ಒಬ್ಬರು ಕಟ್ಟಿದ ಇಬ್ಬರ ಆಟ

ಮನೆಯ ಹುಡುಗರು ಪರದೆಯ ಮುಂದೆ ಕುಳಿತು, ಗುಂಡಿಗಳನ್ನು ಒತ್ತುತ್ತ, ಎರಡು ಬೊಂಬೆಗಳನ್ನು ಹೊಡೆದಾಡಿಸುವುದನ್ನು ವಾಚಕ ಮಹಾಶಯರಲ್ಲಿ ಅನೇಕರು ಕಂಡಿರಬಹುದು. ಕಂಡು ಬೇಸರಪಟ್ಟೂ ಇರಬಹುದು. ಆ ಬೇಸರವನ್ನು ನಾವು ಅಲ್ಲಗಳೆಯಲಾರೆವು. ಆದರೆ ಆಡುವುದು ಬೇರೆ, ಆಟವನ್ನು ನಿರ್ಮಿಸುವುದು ಬೇರೆ. ಈ ಎರಡನೆಯದರ ವಿಷಯವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಮ್ಮ ಇಚ್ಛೆ.

ಜಪಾನಿನಲ್ಲಿ ಸುಗೆನೊ ತೊಮೊಆಕಿ ಎಂಬವರು 2009ರಲ್ಲಿ ‘ವ್ಯಾನ್‌ಗಾರ್ಡ್ ಪ್ರಿನ್ಸೆಸ್’ ಎಂಬ ದ್ವಂದ್ವಯುದ್ಧದ ಆಟವೊಂದನ್ನು ಹೊರತಂದರು. (ಸುಗೆನೊ ಎಂಬುದು ಮನೆತನದ ಹೆಸರು, ಆ ದೇಶದಲ್ಲಿ ಅದನ್ನೇ ಮೊದಲು ಹೇಳುವುದು ವಾಡಿಕೆ.) ಹೋರಾಡುವವರೆಲ್ಲರೂ ಹೆಣ್ಣುಮಕ್ಕಳು, ಪ್ರತಿಯೊಬ್ಬಳಿಗೂ ಬೆನ್ನ ಹಿಂದೆ ನಿಂತು ನೆರವಾಗುವ ಜೊತೆಗಾತಿಯೊಬ್ಬಳು. ಕೆಲವರ ಉಡುಗೆತೊಡುಗೆ ನಮಗೆ ರುಚಿಸುವಂತಹುದಲ್ಲ. ಚಿಕ್ಕ ಮಕ್ಕಳಿಗೆ ಇದನ್ನು ಕೊಡಿರೆಂದು ನಾವು ಹೇಳುವುದಿಲ್ಲ. ನಮ್ಮನ್ನು ಬೆರಗುಗೊಳಿಸಿದ ಸಂಗತಿ ಬೇರೆ. ಈ ಜಾತಿಯ ಆಟಗಳನ್ನು ದೊಡ್ಡ ಕಂಪನಿಗಳಲ್ಲಿ ಹತ್ತಾರು ಮಂದಿ ಸಂಬಳಗಾರರು ಕೂಡಿ ಮಾಡುತ್ತಾರೆ. ಇದನ್ನು ಕಟ್ಟಿದವರು ಸುಗೆನೊ ಒಬ್ಬರೇ. ಕಟ್ಟಿ, ಬೆಲೆಯಿಲ್ಲದೆ ಲೋಕಕ್ಕೆ ಕೊಟ್ಟರು.

ಇದರಲ್ಲಿ ಶ್ರಮವೆಷ್ಟು? ಪರದೆಯ ಮೇಲಿನ ಚಿತ್ರವು ಒಂದು ಸೆಕೆಂಡಿಗೆ 60 ಸಾರಿ ಬದಲಾಗುತ್ತದೆ. ಒಂದು ಗುದ್ದನ್ನು ತೆಗೆದುಕೊಳ್ಳಿ. ಮೊದಲು ಕೈ ಹಿಂದಕ್ಕೆ ಹೋಗಬೇಕು. ಆಮೇಲೆ ಮುಷ್ಟಿ ಮುಂದೆ ಬಂದು ತಾಗಬೇಕು. ಕೊನೆಗೆ ಕೈ ಮರಳಿ ಸ್ವಸ್ಥಾನಕ್ಕೆ ಬರಬೇಕು. ಸಜ್ಜಾಗುವುದು, ತಾಗುವುದು, ಮರಳುವುದು ಎಂಬ ಈ ಮೂರಕ್ಕೂ ಸೆಕೆಂಡಿನ ಅರವತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ಕಾಲವನ್ನು ಗೊತ್ತುಮಾಡಬೇಕು. ಬಲವಾದ ಏಟಿಗೆ ಮರಳುವ ಕಾಲ ಹೆಚ್ಚು. ಅದು ಗುರಿ ತಪ್ಪಿದರೆ ಹೊಡೆದವನೇ ಸಿಕ್ಕಿಬೀಳುತ್ತಾನೆ. ಗರಡಿಯ ಉಸ್ತಾದರಿಗೆ ಇದು ಹೊಸ ಮಾತಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಒಂದೊಂದು ಚಿತ್ರದ ಮೇಲೂ ಕಣ್ಣಿಗೆ ಕಾಣದ ಚೌಕಗಳನ್ನು ಹೊಂದಿಸಬೇಕು: ಇದು ಹೊಡೆಯುವ ಭಾಗ, ಇದು ಹೊಡೆಸಿಕೊಳ್ಳುವ ಭಾಗ ಎಂದು. ಒಬ್ಬಳಿಗೆ 300 ಚಿತ್ರಗಳು ಬೇಕೆಂದು ಸುಮ್ಮನೆ ಇಟ್ಟುಕೊಳ್ಳಿ. ಹತ್ತು ಮಂದಿಗೆ 3000 ಆಯಿತು. ಒಂದು ಚೌಕ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆಡುವವನು ‘ಅನ್ಯಾಯ’ವೆಂದು ಕೂಗುತ್ತಾನೆ.

ಒಬ್ಬರೇ ಮಾಡಿದರೆಂದ ಮಾತ್ರಕ್ಕೆ ಕಬ್ಬಿಣವನ್ನೂ ಅವರೇ ಅಗೆದು ತೆಗೆದರೆಂದು ತಿಳಿಯಬಾರದು. ಇಂತಹ ಆಟಗಳನ್ನು ರಚಿಸುವುದಕ್ಕೆಂದೇ ಜಪಾನಿನಲ್ಲಿ ಒಂದು ಸಲಕರಣೆ ಮಾರಾಟಕ್ಕಿದ್ದಿತು. ಇಂಗ್ಲಿಷರು ಅದನ್ನು ‘ಟೂ-ಡಿ ಫೈಟರ್ ಮೇಕರ್’ ಎನ್ನುತ್ತಾರೆ. ಜಪಾನೀಯರು ‘ಕಾಕುತೋ ತ್ಸುಕೂರು’ ಎನ್ನುತ್ತಾರೆ. ಕಾಕುತೋ ಎಂದರೆ ಕೈಕೈ ಮಿಲಾಯಿಸುವ ಕಾಳಗ. ತ್ಸುಕೂರು ಎಂಬುದರಲ್ಲಿ ‘ಮಾಡು’ ಎಂಬರ್ಥದ ಅವರ ಧಾತುವೂ ‘ಟೂಲ್’ ಎಂಬ ಇಂಗ್ಲಿಷ್ ಶಬ್ದವೂ ಒಂದರೊಳಗೊಂದು ಸೇರಿಕೊಂಡಿವೆ. ಶ್ಲೇಷೆಯನ್ನು ಕಂಡರೆ ನಮಗೆ ಸುಮ್ಮನಿರಲಾಗದು; ವಾಚಕರು ಮನ್ನಿಸಬೇಕು. ಸುಗೆನೊ ಅವರು ಹಿಡಿದದ್ದು ಈ ಸಲಕರಣೆಯನ್ನೇ. ಯಂತ್ರಕ್ಕೆ ತಿಳಿಯುವ ಭಾಷೆಯ ಬಹುಭಾಗವನ್ನು ಅದು ನೋಡಿಕೊಳ್ಳುತ್ತದೆ. ಚಿತ್ರ, ಕಾಲ, ಚೌಕ, ನ್ಯಾಯ ಇವೆಲ್ಲ ಮನುಷ್ಯನ ಪಾಲಿಗೇ ಉಳಿಯುತ್ತವೆ.

ಲಾಭವನ್ನು ನೋಡದೆ ಹೀಗೆ ದುಡಿಯುವ ಪದ್ಧತಿ ಆ ದೇಶಕ್ಕೆ ನಿನ್ನೆ ಬಂದುದಲ್ಲ. ಅವರಲ್ಲಿ ‘ದೋಜಿನ್’ ಎಂಬ ಮಾತುಂಟು. ಸಮಾನ ಅಭಿರುಚಿಯವರು ಎಂದು ಅರ್ಥ. 1885ರಲ್ಲಿ ಕೆಲವರು ತರುಣ ಸಾಹಿತಿಗಳು ತಮ್ಮತಮ್ಮಲ್ಲಿಯೇ ಕೈಬರಹದ ಪತ್ರಿಕೆಯೊಂದನ್ನು ಹಂಚಿಕೊಂಡು ಓದತೊಡಗಿದರು. ಅದಕ್ಕೆ ಅವರಿಟ್ಟ ಹೆಸರು ‘ಗರಕುತ ಬುಂಕೊ’, ಎಂದರೆ ಗುಜರಿ ಸಾಮಾನಿನ ಗ್ರಂಥಮಾಲೆ! ವಿನಯವೋ ವಿನೋದವೋ ತಿಳಿಯದು. ಅದೇ ದಾರಿಯಲ್ಲಿ 1975ರ ಡಿಸೆಂಬರಿನಲ್ಲಿ ಟೋಕಿಯೋ ನಗರದಲ್ಲಿ ‘ಕಾಮಿಕ್ ಮಾರ್ಕೆಟ್’ ಎಂಬ ಸಂತೆ ಆರಂಭವಾಯಿತು. ಹವ್ಯಾಸಿಗಳು ತಾವೇ ಬರೆದು ಅಚ್ಚುಹಾಕಿದ ಪುಸ್ತಕಗಳ ಜೊತೆಗೆ ಮುಂದೆ ತಾವೇ ಮಾಡಿದ ಆಟಗಳನ್ನೂ ಅಲ್ಲಿ ಮಾರತೊಡಗಿದರು. ಸಂತೆಯ ಹೊರಗೂ ಇಂತಹವರುಂಟು. ಅಮಯ ದೈಸುಕೆ ಎಂಬವರು ಬಿಡುವಿನ ವೇಳೆಯಲ್ಲಿ ಐದು ವರ್ಷ ಒಬ್ಬರೇ ದುಡಿದು, ಗುಹೆಯ ಕಥೆಯೊಂದನ್ನು ಆಟವಾಗಿ ರಚಿಸಿ, 2004ರಲ್ಲಿ ಉಚಿತವಾಗಿಯೇ ಕೊಟ್ಟರು.

ಆದರೆ ಗುಹೆಯ ಕಥೆಗೂ ದ್ವಂದ್ವಯುದ್ಧಕ್ಕೂ ಒಂದು ಭೇದವಿದೆ. ನಮ್ಮ ಮಾತಿನ ತಿರುಳು ಇಲ್ಲಿಯೇ. ಕಥೆಯನ್ನು ಕಟ್ಟಿದವನು ತಾನೊಬ್ಬನೇ ಆದಿಯಿಂದ ಅಂತ್ಯದವರೆಗೆ ಆಡಿ ಪರೀಕ್ಷಿಸಬಲ್ಲನು. ಕಾಳಗವನ್ನು ಹಾಗೆ ಪರೀಕ್ಷಿಸಲಾಗದು. ಈ ಆಟಗಳ ಮೂಲದಲ್ಲಿರುವುದು ಒಂದು ಚಕ್ರ: ಏಟನ್ನು ತಡೆ ಗೆಲ್ಲುತ್ತದೆ, ತಡೆದು ನಿಂತವನನ್ನು ಹಿಡಿದೆಸೆಯುವ ಪಟ್ಟು ಗೆಲ್ಲುತ್ತದೆ, ಹಿಡಿಯಬಂದವನನ್ನು ಏಟು ಗೆಲ್ಲುತ್ತದೆ. ಎದುರಾಳಿ ಯಾವುದನ್ನು ಆರಿಸುವನೆಂದು ಊಹಿಸುವುದೇ ಇಲ್ಲಿನ ವಿದ್ಯೆ. ಒಬ್ಬನೇ ಎರಡು ಕಡೆಯೂ ಕುಳಿತರೆ ಊಹಿಸುವುದಕ್ಕೆ ಏನಿದೆ?

ಹತ್ತಾರು ಮಂದಿ ಕೂಡಿ ಮಾಡಿದಾಗಲೂ ಕರ್ತೃವಿಗೆ ತನ್ನ ಕೃತಿ ಪೂರ್ತಿ ತಿಳಿದಿರುವುದಿಲ್ಲ. ಕ್ಯಾಪ್‌ಕಾಮ್ ಕಂಪನಿಯವರು 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’ ಈ ಜಾತಿಗೆಲ್ಲ ಮೇಲ್ಪಂಕ್ತಿ. ಅದರ ತಯಾರಿಕೆಯಲ್ಲಿದ್ದ ಫುನಾಮಿಜು ನೊರಿತಾಕಾ ಎಂಬವರು, ಒಂದು ಏಟು ತಾಗಿ ಚೇತರಿಸಿಕೊಳ್ಳುವುದರೊಳಗೆ ಇನ್ನೊಂದನ್ನು ಪೋಣಿಸಲು ಸಾಧ್ಯವೆಂಬುದನ್ನು ಅಕಸ್ಮಾತ್ತಾಗಿ ಕಂಡುಕೊಂಡರು. ಯಾರೂ ಉದ್ದೇಶಿಸಿದ್ದಲ್ಲ. ಇಷ್ಟು ಕಷ್ಟದ ಕೈಚಳಕ ಯಾರಿಗೆ ಸಾಧ್ಯವೆಂದು ಅದನ್ನು ಅಳಿಸದೆ ಬಿಟ್ಟರು. ಇಂದು ಆ ಏಟುಗಳ ಮಾಲೆಯಿಲ್ಲದೆ ಇಂತಹ ಆಟವೇ ಇಲ್ಲ.

ಕಂಪನಿಯವರಿಗೆ ಪರೀಕ್ಷಕರಿದ್ದಾರೆ, ತಪ್ಪು ತಿದ್ದುವ ಕಚೇರಿಯಿದೆ. ಸುಗೆನೊ ಅವರಂತಹವರಿಗೆ ಇರುವುದು ಅಪರಿಚಿತ ಆಟಗಾರರು ಮಾತ್ರ. ಯಾವಳು ಮಿತಿಮೀರಿದ ಬಲವುಳ್ಳವಳು, ಯಾವ ಪಟ್ಟಿಗೆ ಮರುಪಟ್ಟಿಲ್ಲ ಎಂಬುದೆಲ್ಲ ಅವರು ಆಡಿದ ಮೇಲೆಯೇ ಹೊರಬೀಳಬೇಕು. ಉಚಿತವಾಗಿ ಕೊಟ್ಟುದರ ಬೆಲೆ ನಮಗೆ ಇಲ್ಲಿ ಕಾಣುತ್ತದೆ: ಹಣವನ್ನು ಬೇಡದಿದ್ದುದರಿಂದ ಎದುರಾಳಿಗಳು ದೊರೆತರು. ಒಬ್ಬನಿಂದೊಬ್ಬನು ಪ್ರತಿ ಮಾಡಿಕೊಂಡು, ಓಲೆಗರಿಯ ಗ್ರಂಥದಂತೆ, ಆಟ ದೇಶಾಂತರಗಳಿಗೆ ಹೋಯಿತು. 2014ರಲ್ಲಿ ಅಮೆರಿಕೆಯ ಸಂಸ್ಥೆಯೊಂದು ಅದರ ಇಂಗ್ಲಿಷ್ ಆವೃತ್ತಿಯನ್ನು ‘ಸ್ಟೀಮ್’ ಎಂಬ ಅಂಗಡಿಯಲ್ಲಿ ಬೆಲೆಗೆ ಇರಿಸಿತು.

ಮನೆಯಲ್ಲಿ ಇಂತಹ ಆಟದ ಹುಚ್ಚು ಹಿಡಿದ ಹುಡುಗನಿದ್ದರೆ, ಗದರುವುದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಕೇಳಿ ನೋಡಬಹುದು: ಆ ಗುದ್ದು ಮರಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದಪ್ಪಾ, ಎಂದು. ಚೆನ್ನಾಗಿ ಆಡುವವನಾದರೆ ಅರವತ್ತರಲ್ಲಿ ಇಷ್ಟು ಪಾಲು ಎಂದು ಅಂಕಿ ಸಹಿತ ಹೇಳಿಬಿಡುತ್ತಾನೆ.