ಪಾಳು ಗೋಡೆಗೂ ಗಾರೆ ಬೇಕಾ?

ಸತ್ತುಹೋದ ಊರನ್ನು ಅದು ಸತ್ತ ದಿನ ಹೇಗಿತ್ತೋ ಹಾಗೇ ಇಟ್ಟುಕೊಳ್ಳೋದು ಸಾಧ್ಯವಾ? ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಫ್ರಾನ್ಸಿನ ಒರಾದೂರ್-ಸ್ಯುರ್-ಗ್ಲಾನ್ ಅನ್ನೋ ಹಳ್ಳಿಯನ್ನು ಎಂಬತ್ತು ವರ್ಷದಿಂದ ಕಾಡ್ತಿರೋದು ಇದೇ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ಇದು ಲಿಮೋಜ್ ನಗರದಿಂದ ಸುಮಾರು 20 ಕಿ.ಮೀ. ದೂರದ ಊರು. 1944ರ ಜೂನ್ 10, ಶನಿವಾರ. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ನಾಲ್ಕೇ ದಿನ ಆಗಿತ್ತು. ನಾಜಿಗಳ 'ದಾಸ್ ರೈಖ್' ಎಸ್ಸೆಸ್ ಡಿವಿಜನ್ನಿನ ಒಂದು ತುಕಡಿ ಊರನ್ನು ಸುತ್ತುವರಿಯಿತು. ಗಂಡಸರನ್ನು ಕೊಟ್ಟಿಗೆ, ಶೆಡ್ಡುಗಳಿಗೆ ಅಟ್ಟಿ ಗುಂಡು ಹಾರಿಸಿದರು. ಹೆಂಗಸರು ಮಕ್ಕಳನ್ನು ಚರ್ಚಿನಲ್ಲಿ ಕೂಡಿ ಬೆಂಕಿ ಇಟ್ಟರು. ಆ ಚರ್ಚಿನಿಂದ ಜೀವಸಹಿತ ಹೊರಬಂದವರು ಕಿಟಕಿಯಿಂದ ಹಾರಿದ ಮಾರ್ಗರಿತ್ ರೂಫಾಂಶ್ ಒಬ್ಬರೇ. ಸತ್ತವರು 642 ಜನ ಅಂತ ಎಷ್ಟೋ ಕಾಲ ಲೆಕ್ಕ ಇತ್ತು. ಎಪ್ಪತ್ತೈದು ವರ್ಷ ಆದಮೇಲೆ ಸ್ಪೇನಿನಿಂದ ಬಂದಿದ್ದ ನಿರಾಶ್ರಿತೆಯೊಬ್ಬರ ಹೆಸರು ಸೇರಿ 643 ಆಯ್ತು.

1945ರಲ್ಲಿ ಡಿ ಗಾಲ್ ಅಲ್ಲಿಗೆ ಹೋದರು. ಸುಟ್ಟ ಊರನ್ನು ಮುಟ್ಟಬಾರದು, ಹಾಗೇ ಉಳಿಸಬೇಕು ಅಂತ ತೀರ್ಮಾನ ಆಯ್ತು. 1946ರಲ್ಲಿ ಕಾನೂನೇ ಬಂತು. ಪಕ್ಕದಲ್ಲೇ ಹೊಸ ಊರು ಕಟ್ಟಿದರು. ಹಳೇ ಊರಿನಲ್ಲಿ ಟ್ರಾಮ್ ಹಳಿ, ತುಕ್ಕು ಹಿಡಿದ ಕಾರು, ಹೊಲಿಗೆ ಯಂತ್ರ, ಬೆಂಕಿಗೆ ಕರಗಿದ ಚರ್ಚಿನ ಗಂಟೆ... ಎಲ್ಲಾ ಹಾಗೇ ಇವೆ.

ಆದರೆ ಮಳೆಗೆ ಕಾನೂನು ಗೊತ್ತಾಗುತ್ತಾ? ಸೂರಿಲ್ಲದ ಗೋಡೆ ಪ್ರತಿ ಚಳಿಗಾಲಕ್ಕೂ ಒಂದಿಷ್ಟು ಉದುರುತ್ತೆ. ಉಳಿಸಬೇಕಾದ್ರೆ ಗಾರೆ ಹಾಕಲೇಬೇಕು. ಗಾರೆ ಹಾಕಿದ್ರೆ ಅದು 1944ರ ಗೋಡೆ ಹೇಗಾಗುತ್ತೆ, ಸುಮ್ಮನೆ ಬೀಳೋಕೆ ಬಿಡಿ ಅನ್ನೋ ವಾದ ಇದೆ. ಕೇಳೋಕೆ ಸರಿ ಅನ್ನಿಸುತ್ತೆ. ನಾನು ಮಾತ್ರ ಒಪ್ಪಲ್ಲ.

ಯಾಕಂದ್ರೆ ಸಾಕ್ಷಿ ಹೇಳುವವರು ಮುಗಿದಿದ್ದಾರೆ. ಬದುಕುಳಿದವರಲ್ಲಿ ಕೊನೆಯವರಾದ ರೊಬೇರ್ ಎಬ್ರಾ 2023ರಲ್ಲಿ ತೀರಿಕೊಂಡರು. ಇನ್ನೊಂದು ಕಡೆ, 2020ರಲ್ಲಿ ಯಾರೋ ಅಲ್ಲಿನ ಸ್ಮಾರಕ ಕೇಂದ್ರದ ಗೋಡೆ ಮೇಲೆ ಇದೆಲ್ಲಾ ಸುಳ್ಳು ಅನ್ನೋ ಅರ್ಥದಲ್ಲಿ ಗೀಚಿ ಹೋಗಿದ್ದರು. ಎಬ್ರಾ ಬದುಕಿದ್ದಾಗಲೇ ಹೀಗೆ! ಇನ್ನು ಮುಂದೆ ಉತ್ತರ ಕೊಡೋಕೆ ಆ ಕಲ್ಲುಗಳಲ್ಲದೆ ಯಾರಿದ್ದಾರೆ?

ಹಾಗಂತ ಬರೀ ಕಲ್ಲು ಉಳಿಸಿದ್ರೆ ಸಾಲದು. ಈ ಊರಿನ ಕಥೆಯಲ್ಲಿ ಫ್ರಾನ್ಸಿಗೇ ಮುಜುಗರ ತರೋ ಭಾಗ ಒಂದಿದೆ. 1953ರಲ್ಲಿ ಬೋರ್ಡೋದಲ್ಲಿ ವಿಚಾರಣೆ ನಡೆದಾಗ ಕಟಕಟೆಯಲ್ಲಿದ್ದ 21 ಜನರಲ್ಲಿ 14 ಜನ ಫ್ರಾನ್ಸಿನದ್ದೇ ಅಲ್ಸೇಸ್ ಪ್ರಾಂತ್ಯದವರು. ಅವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರನ್ನು ಜರ್ಮನ್ನರು ಬಲವಂತವಾಗಿ ಸೇನೆಗೆ ಸೇರಿಸಿದ್ದರು. ಶಿಕ್ಷೆ ಆಯ್ತು, ಅಲ್ಸೇಸ್ ಸಿಡಿದೆದ್ದಿತು, ಕೆಲವೇ ದಿನದಲ್ಲಿ ಸಂಸತ್ತು ಈ ಬಲವಂತದ ಸೈನಿಕರಿಗೆ ಕ್ಷಮಾದಾನ ಕೊಟ್ಟುಬಿಟ್ಟಿತು. ಒರಾದೂರಿನವರು ಸರ್ಕಾರ ಕೊಟ್ಟ ಪದಕ ವಾಪಸ್ ಮಾಡಿದರು. ಕ್ಷಮಾದಾನಕ್ಕೆ ಓಟು ಹಾಕಿದ ಸಂಸದರ ಹೆಸರನ್ನು ಊರಬಾಗಿಲಲ್ಲೇ ಬೋರ್ಡು ಬರೆಸಿ ಹಾಕಿದರು. ಸತ್ತವರಿಗಾಗಿ ಸರ್ಕಾರ ಕಟ್ಟಿಸಿದ ಸ್ಮಾರಕ ಬೇಡ ಅಂತ ತಾವೇ ಸಮಾಧಿ ಕಟ್ಟಿಕೊಂಡರು.

ನನ್ನ ಪ್ರಕಾರ ಆ ಸಿಟ್ಟೂ ಪರಂಪರೆಯೇ. ಶತ್ರು ಮಾಡಿದ ಕ್ರೌರ್ಯ ನೆನೆಯೋದು ಯಾವ ದೇಶಕ್ಕೂ ಕಷ್ಟವಲ್ಲ. ನಮ್ಮವರೇ ನ್ಯಾಯವನ್ನು ಅರ್ಧಕ್ಕೆ ಕೈಬಿಟ್ಟಿದ್ದನ್ನು ನೆನೆಯೋದು ಕಷ್ಟ. ಗಾರೆ ಹಾಕುವವರು ಆ ಭಾಗವನ್ನು ಮಾತ್ರ ಮುಚ್ಚದಿರಲಿ.

ನೀವೇನಂತೀರಿ?