ಕರಗುವ ಆಸರೆ, ಉಳಿಯುವ ಬೆರಳು

ಬೆಂಗಳೂರಿನ ಹೂಡಿ ಮೆಟ್ರೊ ನಿಲ್ದಾಣದಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಐಟಿ ಕಟ್ಟಡಗಳ ಗಾಜು. ಇದೇ ಪ್ರದೇಶದಲ್ಲಿ ಪ್ರೆಸ್, ಲೇತ್ ಯಂತ್ರಗಳ ಮುಂದೆ ಪಾಳಿಯಲ್ಲಿ ದುಡಿಯುವವರೂ ಇದ್ದಾರೆ. ಅಲ್ಲಿ ಬೆರಳು ತುಂಡಾದರೂ ಮರಳಿ ಜೋಡಿಸಬಹುದು. 1965ರಲ್ಲೇ ಜಪಾನಿನ ಶಸ್ತ್ರವೈದ್ಯರಾದ ಕೊಮಾತ್ಸು ಮತ್ತು ತಮಾಯ್ ಪೂರ್ತಿ ಕತ್ತರಿಸಿಹೋದ ಹೆಬ್ಬೆರಳನ್ನು ಉಳಿಸಿದ್ದರು.

ಕಷ್ಟವಿರುವುದು ಹೊಲಿಗೆಯಲ್ಲಿ.

ಬೆರಳಿನ ರಕ್ತನಾಳ ಸುಮಾರು ಒಂದು ಮಿಲಿಮೀಟರ್ ಅಗಲ. ಕೂದಲಿಗಿಂತ ತೆಳುವಾದ ನೈಲಾನ್ ದಾರ ಹಿಡಿದು, ಸೂಕ್ಷ್ಮದರ್ಶಕದಡಿ ಒಂದೊಂದೇ ಗಂಟು ಹಾಕಬೇಕು. ಸೂಜಿ ಚುಚ್ಚಿದಲ್ಲೆಲ್ಲ ರಕ್ತ ಹೆಪ್ಪುಗಟ್ಟುವ ಭಯ.

2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಸ್ತ್ರವೈದ್ಯ ಜೆಫ್ರಿ ಗರ್ಟ್ನರ್ ಅವರ ತಂಡ ಬೇರೆ ದಾರಿ ತೋರಿಸಿತು. ಪೊಲೊಕ್ಸಮರ್ 407 ಎಂಬ ಪಾಲಿಮರ್ ಬಿಸಿಯಾದರೆ ಗಟ್ಟಿ, ತಣಿದರೆ ದ್ರವ. ಅದನ್ನು ನಾಳದೊಳಗೆ ತುಂಬಿ ತುಸು ಬಿಸಿ ಮಾಡಿದರೆ ನಾಳದ ಬಾಯಿ ತೆರೆದು ನಿಲ್ಲುತ್ತದೆ. ಹೊರಗಿನಿಂದ ಅಂಟು ಹಚ್ಚಿದರಾಯಿತು. ಬಿಸಿ ಇಳಿದಾಗ ಒಳಗಿನ ಆಸರೆ ರಕ್ತದಲ್ಲಿ ಕರಗುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಕೈಹೊಲಿಗೆಗಿಂತ ಐದು ಪಟ್ಟು ಬೇಗ ಕೆಲಸ ಮುಗಿಯಿತು.

ಇಲಿಯಿಂದ ಮನುಷ್ಯನವರೆಗಿನ ಹಾದಿ ದೂರದ್ದು, ನಿಜ. ಆದರೆ ಪಾಲಿಮರ್ ಬಲ್ಲ ಐಐಎಸ್‌ಸಿ, ವೈಟ್‌ಫೀಲ್ಡ್‌ನ ದೊಡ್ಡ ಆಸ್ಪತ್ರೆಗಳು, ಪೀಣ್ಯದ ಕಾರ್ಖಾನೆಗಳು ಒಂದೇ ಊರಲ್ಲಿರುವಾಗ ಈ ಸಂಶೋಧನೆಗೆ ಸರ್ಕಾರ ಹಣ ಹೂಡುವುದು ದುಂದುವೆಚ್ಚವಲ್ಲ.

ಅದಕ್ಕೂ ಮುನ್ನ ಆಗಬೇಕಾದ ಅಗ್ಗದ ಕೆಲಸವೊಂದಿದೆ. ತುಂಡಾದ ಬೆರಳನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಕಬಾರದು. ಇಷ್ಟನ್ನು ಕನ್ನಡ, ಹಿಂದಿ, ಒಡಿಯಾದಲ್ಲಿ ಬರೆದು ಪ್ರತಿ ಪ್ರೆಸ್ ಯಂತ್ರದ ಪಕ್ಕ ಅಂಟಿಸಲು ಒಂದು ದಿನ ಸಾಕು.