ಧ್ಯಾನಕ್ಕ ಹೋದ್ರ ಮನಿ ಯಾರು ನೋಡ್ಕೊಂತಾರ?

ನಾನು ಹತ್ತು ದಿನದ ವಿಪಶ್ಯನ ಶಿಬಿರಕ್ಕ ಹೋಗಿ ಬಂದೆ ಅಂತ ಗೊತ್ತಾದ ಮ್ಯಾಲೆ ಮರಿಯಮ್ಮನಹಳ್ಳಿಯಾಗ ಸಿಕ್ಕೋರೆಲ್ಲ ಕೇಳಿದ್ದು ಒಂದೇ ಮಾತು: "ಮತ್ತ ಮನಿ ಯಾರು ನೋಡ್ಕೊಂಡ್ರು?" ಅಲ್ಲಿ ಏನು ಕಲಿಸಿದ್ರು ಅಂತ ಕೇಳಿದಾಕಿ ನಮ್ಮ ಓಣಿಯಾಗ ಒಬ್ಬಾಕಿ ಮಾತ್ರ. ಮೊದಲು ನನಗ ಸಿಟ್ಟೇ ಬಂತು. ನಮ್ಮನೆಯವರು ಒಂಬತ್ತು ವರ್ಷ ಅಯ್ಯಪ್ಪನ ಮಾಲಿ ಹಾಕಿದ್ರು. ನಸುಕಿನಾಗ ಎದ್ದು ಮಡಿಲೆ ಅಡಿಗಿ ಮಾಡಿದಾಕಿ ನಾನು. ಇರುಮುಡಿ ಕಟ್ಟೋ ದಿನ ಓಣಿಗೆಲ್ಲ ಪ್ರಸಾದ ಮಾಡಿದಾಕಿನೂ ನಾನೇ. ಒಂದು ವರ್ಷನೂ ಅವರನ್ನ ಯಾರೂ "ಮನಿ ಯಾರು ನೋಡ್ಕೊಂತಾರ" ಅಂತ ಕೇಳಲಿಲ್ಲ.

"ಬುದ್ಧ ನಮ್ಮೋನಲ್ಲ ಬಿಡವ್ವ" ಅಂದೋರೂ ಅದಾರ. ಕೊಪ್ಪಳದ ಗವಿಮಠದ ಜಾತ್ರಿಗೆ ಹೋಗ್ತೀವಲ್ಲ, ಅಲ್ಲೇ ಬಂಡೆ ಮ್ಯಾಲೆ ಅಶೋಕ ಬರೆಸಿದ ಶಾಸನ ಐತಿ. 2,200 ವರ್ಷದ ಮ್ಯಾಲಾತು. ಬರೇ ದೊಡ್ಡೋರಲ್ಲ, ಸಣ್ಣೋರೂ ಪ್ರಯತ್ನ ಮಾಡಿದ್ರ ಸಾಧಿಸಬೋದು ಅನ್ನೋ ಅರ್ಥದ ಮಾತು ಅದರಾಗ ಐತಿ. ಸಣ್ಣೋರಂದ್ರ ನನ್ನಂಥೋರೂ ಬಂದ್ವಲ್ಲ.

ನಮ್ಮೂರಾಗ ಐದು ಮಂದಿ ಹೆಂಗಸರು ಭಾನುವಾರ ಒಬ್ಬರ ಮನಿಯಾಗ ಒಂದು ತಾಸು ಧ್ಯಾನಕ್ಕ ಕೂಡ್ತೀವಿ. ಅವರ ಮಾತು ಕೇಳೇ ನಾನು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಅಲ್ಲಿ ಊರ ಹೊರಗ ಆಲೂರಿನಾಗ ಧಮ್ಮ ಪಫುಲ್ಲ ಅಂತ ಕೇಂದ್ರ ಐತಿ. ಬರ್ಮಾದಾಗ ಹುಟ್ಟಿ, 1969ರಾಗ ಭಾರತಕ್ಕ ಬಂದು ಕಲಿಸಾಕ ಶುರು ಮಾಡಿದ ಸತ್ಯನಾರಾಯಣ ಗೋಯೆಂಕಾ ಅವರ ಪದ್ಧತಿ ಅಲ್ಲಿಂದು. ಫೋನ್ ಕೊಟ್ಟುಬಿಡಬೇಕು. ಹತ್ತನೇ ದಿನದ ತನಕ ಬ್ಯಾರೆ ಶಿಬಿರದವರ ಜೋಡಿ ಮಾತಿಲ್ಲ, ಸನ್ನಿನೂ ಇಲ್ಲ. ನಸುಕಿನ ನಾಲ್ಕಕ್ಕ ಗಂಟಿ. ಹನ್ನೊಂದಕ್ಕ ಊಟ, ಸಂಜಿ ಐದಕ್ಕ ಹೊಸಬರಿಗೆ ಚಾ, ಹಣ್ಣು. ಮೊದಲ ಮೂರು ದಿನ ಬರೇ ಉಸಿರು ನೋಡೋದು. ನಾಲ್ಕನೇ ದಿನದಿಂದ ದಿನಕ್ಕ ಮೂರು ಸಲ ಒಂದೊಂದು ತಾಸು ಅಲ್ಲಾಡದಂಗ ಕೂಡಬೇಕು. ಮನಸ್ಸಿನ ಕಾಯಿಲೆಗೆ ಗುಳಿಗಿ ತಗೊಳ್ಳೋರು ಮುಚ್ಚಿಟ್ಟು ಹೋಗಬ್ಯಾಡ್ರಿ, ಡಾಕ್ಟರನ್ನ ಕೇಳ್ರಿ, ಅರ್ಜಿಯಾಗೂ ಬರೀರಿ.

ಮೊಣಕಾಲಿಗೆ ಖಾರ ಹಚ್ಚಿದಂಗ ಉರೀತಿತ್ತು. ಎಂಟನೇ ದಿನ ಆ ಉರಿ ನೋಡ್ತಾ ನೋಡ್ತಾ ತಾನೇ ಇಳೀತು. ಎಂಬತ್ತು ದಾಟಿದ ನಮ್ಮತ್ತಿ ಮುಂದ ನಾನು ಎಷ್ಟು ಸಲ ಸಿಡಿಮಿಡಿ ಮಾಡೀನಿ ಅಂತ ನೆನಪಾತು. ಸಿಟ್ಟೂ ಹಿಂಗ ಬಂದು ಹೋಗೋದೇ, ಹಿಡಕೊಂಡು ಕೂಡೋರು ನಾವು ಅಂತ ಅವತ್ತು ತಿಳೀತು. ಅತ್ತುಬಿಟ್ಟೆ.

ಹೊಳ್ಳಿ ಬಂದಾಗ ಮನಿ ಚಂದಾಗೇ ಇತ್ತು. ನನ್ನ ಸೊಸಿ ಕಣ್ಣು ಮಾತ್ರ ಕುಳಿ ಬಿದ್ದಿದ್ದವು. ನಮ್ಮತ್ತಿ ಗುಳಿಗಿ, ರಾತ್ರಿ ಎರಡು ಸಲ ಎಬ್ಬಿಸಿ ಬಚ್ಚಲಿಗೆ ಕರಕೊಂಡು ಹೋಗೋದು, ರೊಟ್ಟಿ, ಮುಸುರಿ, ಎರಡು ವರ್ಷದ ಕೂಸು, ಎಲ್ಲ ಆಕಿ ಒಬ್ಬಾಕಿ ಮ್ಯಾಲೆ. "ಅಪ್ಪ ಮಗ ಏನು ಮಾಡಿದ್ರವ್ವ?" ಅಂದೆ. "ನೀರಿನ ಕ್ಯಾನ್ ತಂದ್ರು ಅತ್ತಿ" ಅಂದ್ಲು.

ಶಿಬಿರಕ್ಕ ಫೀ ಇಲ್ಲ ಅಂತ ಎಲ್ಲರ ಮುಂದ ಹೇಳ್ಕೊಂತ ಬಂದಿದ್ದೆ. ಫೀ ಇತ್ತು, ಕಟ್ಟಿದಾಕಿ ನನ್ನ ಸೊಸಿ.

ಅಲ್ಲಿ ಅಡಿಗಿಮನಿಯಾಗ ದುಡಿಯೋ ಸೇವಕರು ಹಿಂದ ತಾವೂ ಶಿಬಿರ ಮುಗಿಸಿದೋರು. ಸಂಬಳ ಇಲ್ಲ. ಅವತ್ತು ಇವರಿಗೆ ಯಾರೋ ಬಡಿಸಿದ್ರು, ಇವತ್ತು ಇವರು ಬಡಿಸ್ತಾರ. ಗಂಡಸರೂ ಸೌಟು ಹಿಡೀತಾರ. ಅದನ್ನ ಕಣ್ಣಾರೆ ನೋಡಿ ಬಂದು, ಮನಿಯಾಗ ಕೂತಾಕಿ ಒಬ್ಬಾಕಿ, ದುಡಿಯಾಕಿ ಇನ್ನೊಬ್ಬಾಕಿ ಅಂದ್ರ ನಾನು ಕಲತಿದ್ದಾದ್ರೂ ಏನು?

ಹಂಗಂತ ಹೋಗಬ್ಯಾಡ್ರಿ ಅನ್ನೋಕಿ ನಾನಲ್ಲ. ಹೋಗ್ರಿ. ಆದ್ರ ಚೀಲ ಕಟ್ಟೋಕಿಂತ ಮುಂಚೆ ನಿಮ್ಮ ಕೆಲಸ ಯಾರ ಕೈಗೆ ಬೀಳ್ತದ ಅಂತ ಒಂದು ಹಾಳಿ ಮ್ಯಾಲೆ ಬರೀರಿ. ಎಲ್ಲ ಇನ್ನೊಂದು ಹೆಂಗಸಿನ ಹೆಸರಿಗೇ ಬಂದ್ರ ಹಾಳಿ ಹರದು ಮತ್ತ ಬರೀರಿ.

ಈಗ ನಮ್ಮನಿಯಾಗ ರಾತ್ರಿ ನಮ್ಮತ್ತಿನ್ನ ಎಬ್ಬಿಸೋದು ನಮ್ಮನೆಯವರ ಪಾಲು. ಅವರ ಹಡದವ್ವನೇ ಅಲ್ಲೇನು? ಮೊದಲನೇ ವಾರ ಮುಖ ಗಂಟು ಹಾಕಿದ್ರು. ಈಗ ಅವ್ವ ಮಗ ನಡುರಾತ್ರಿ ಏನೇನೋ ಹಳೇ ಮಾತು ಮಾತಾಡೋದು ಕೇಳಿಸ್ತದ. ಮಗ ಅನ್ನ ಸಾರು ಕಲಿಯಾಕತ್ತಾನ, ಉಪ್ಪು ಇನ್ನಾ ಕೈಗೆ ಹತ್ತಿಲ್ಲ. ಅದು ಹತ್ತಿದ ಮ್ಯಾಲೆ ಸೊಸಿ ಹೊಂಡ್ತಾಳ, ಕೂಸಿಗೆ ನಾನಿದೀನಿ.

ಆಕಿ ಹೋದಾಗ ನೀವು ಆ ಪ್ರಶ್ನೆ ಕೇಳೇ ಕೇಳ್ತೀರಿ, ನನಗ ಗೊತ್ತೈತಿ. ಕೇಳ್ರಿ. ಆದ್ರ ಆಕಿನ್ನ ಅಲ್ಲ, ನನ್ನ ಮಗನ್ನ ಕೇಳ್ರಿ.